ನಿಂತು ನಿಂತು ಬರುವ ಸದ್ದು

ಮಂಗಳವಾರ, ಬೆಳಗ್ಗೆ

ನನ್ನ ಮಾತಿನಮಲ್ಲಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈಯಬೇಡ. ಆಸ್ಪತ್ರೆಯ ಲಿಫ್ಟ್ ಕೆಟ್ಟು ಕೂತಿತ್ತು, ರಿಪೇರಿಗೆ ನಾನೇ ಆಗಬೇಕಂತೆ. ನಿವೃತ್ತಿ ಅನ್ನುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಈ ಕಾಗದವನ್ನು ನಿನ್ನ ಮನೆಗೆ ಹಾಕದೆ, ನೀನು ಕೆಲಸ ಮಾಡುವ ಹೊಲಿಗೆ ಅಂಗಡಿಗೆ ಹಾಕಿದ್ದೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಕಂಟಿನ್ಯುಯಲ್, ಕಂಟಿನ್ಯುಯಸ್ ಎರಡಕ್ಕೂ ಏನು ವ್ಯತ್ಯಾಸ ಎಂದು ನೀನು ಕೇಳಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ನಿನ್ನ ಎಡಗಿವಿಯಲ್ಲಿ ಗುಂಯ್ ಅನ್ನುತ್ತದೆ, ಆ ಸದ್ದು ಇವೆರಡರಲ್ಲಿ ಯಾವುದು ಎಂದು ಡಾಕ್ಟರಮ್ಮ ಕೇಳಿದರೆ ನೀನು ಎರಡಕ್ಕೂ ತಲೆಯಾಡಿಸಿ ಬಂದೆಯಂತೆ. ನನ್ನ ಇಂಗ್ಲಿಷೋ ಸ್ಪ್ಯಾನರ್, ಸ್ಕ್ರೂಡ್ರೈವರ್ ದಾಟಿ ಮುಂದೆ ಹೋಗಿಲ್ಲ. ನಿನ್ನೆ ಮಹಡಿ ಮೇಲಿನ ಮನೆಯ ಮೇಷ್ಟ್ರನ್ನು ಕೇಳಿದೆ. ತೆರೆದಿಟ್ಟ ನಲ್ಲಿಯ ಹಾಗೆ ಒಂದೇ ಸಮನೆ ನಡೆದರೆ ಕಂಟಿನ್ಯುಯಸ್, ನಿಂತು ನಿಂತು ಮತ್ತೆ ಮತ್ತೆ ಬಂದರೆ ಕಂಟಿನ್ಯುಯಲ್ ಅಂದರು. ಇಷ್ಟಕ್ಕೆ ಎರಡು ಪದ ಯಾಕೆ ಬೇಕಿತ್ತು ಎಂದು ನಿಮ್ಮಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಕಸುಬಿನಲ್ಲಿ ಇವೆರಡಕ್ಕೂ ಅಜಗಜಾಂತರ. ಲಿಫ್ಟ್ ಒಂದೇ ಸಮನೆ ಕಿರುಗುಟ್ಟಿದರೆ ಹೆಚ್ಚಾಗಿ ಎಣ್ಣೆ ಸಾಲದು, ಅಷ್ಟೇ. ನಿಂತು ನಿಂತು ಸದ್ದು ಬಂದರೆ ಉಕ್ಕಿನ ಹಗ್ಗದ ಎಳೆ ಎಲ್ಲೋ ಕಿತ್ತಿರಬಹುದು. ಸದ್ದು ನಿಂತ ದಿನ ಕಟ್ಟಡದವರು, ಸರಿಹೋಯಿತಲ್ಲ, ಯಾಕೆ ಬಂದಿರಿ ಅನ್ನುತ್ತಾರೆ. ನಾವು ವಾದಕ್ಕೆ ನಿಲ್ಲುವುದಿಲ್ಲ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಅನ್ನುತ್ತೇವೆ. ಆ ಎಳೆ ಸಿಗುವವರೆಗೆ ಒಳಗೆ ಯಾರನ್ನೂ ಬಿಡುವುದಿಲ್ಲ.

ಬಚ್ಚಲಲ್ಲಿ ಜಾರಿದವರಿಗೆ ಮಂಡಿ ಒಡೆಯುತ್ತದೆ, ಸೊಂಟ ಉಳುಕುತ್ತದೆ. ಕಿವಿಯೊಂದಕ್ಕೇ ಪೆಟ್ಟಾಗುವುದು ಹೇಗೆ ಮಗಳೇ? ಹೋದ ಸಲ ತುಟಿಗೆ ಬಾಗಿಲು ತಗುಲಿತು ಅಂದಿದ್ದೆ. ಆಮೇಲೆ, ಈಗ ಎಲ್ಲ ಚೆನ್ನಾಗಿದೆ ಎಂದು ಎರಡೇ ಸಾಲು ಬರೆದೆ. ಮೊದಲೆಲ್ಲ ಅಂಚಿನಲ್ಲೂ ಜಾಗ ಬಿಡದೆ ಬರೆಯುತ್ತಿದ್ದವಳು ನೀನು. ಅದನ್ನು ಓದಿ ನಿಮ್ಮಮ್ಮನಿಗೆ ನೆಮ್ಮದಿಯಾಯಿತು. ನನಗೆ ಭಯವಾಯಿತು, ಈಗಲೂ ಆಗುತ್ತಿದೆ.

ಈ ಕಾಗದ ಸೇರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಅಂಗಡಿಗೇ ಬರುತ್ತೇನೆ, ನೀನು ಉಟ್ಟ ಬಟ್ಟೆಯಲ್ಲೇ ಹೊರಟು ಬಾ. ನಮ್ಮನೆಯವರು ಈಗ ಒಳ್ಳೆಯವರಾಗಿದ್ದಾರೆ ಎಂದು ನೀನು ಹೇಳಬಹುದು. ನಾನು ವಾದಕ್ಕೆ ನಿಲ್ಲುವುದಿಲ್ಲ. ನಾನು ಬರುವವರೆಗೆ ಅಂಗಡಿಯ ಯಜಮಾನಿಯವರ ಜೊತೆಯಲ್ಲೇ ಇರು. ನೂರು ಕಾಲ ಸುಖವಾಗಿ ಬಾಳು.

ನಿನ್ನ
ಅಪ್ಪ

ಕೊನೆಗೆ ಹೇಳುತ್ತೇನೆ ಅಂದಿದ್ದೆನಲ್ಲ: ನಿನಗೆ ಫೋನ್ ಮಾಡಿದರೆ ಅಳಿಯಂದಿರೇ ಎತ್ತುತ್ತಾರೆ. ನಿನ್ನ ಕಾಗದ ನಮ್ಮ ಕೈಸೇರುವ ಹಿಂದಿನ ದಿನ ಅವರೇ ಫೋನ್ ಮಾಡಿದ್ದರು. ತುಂಬ ಮೃದುವಾಗಿ ಮಾತಾಡಿದರು. "ಮಾವ, ನಿಮ್ಮ ಮಗಳು ಎರಡು ಇಂಗ್ಲಿಷ್ ಪದ ಕೇಳಿ ಬರ್ದಿದಾಳೆ. ಉತ್ತರ ಬರೆಯೋ ತೊಂದರೆ ತಗೋಬೇಡಿ, ನಾನೇ ಅವಳಿಗೆ ಬಿಡಿಸಿ ಹೇಳ್ತೀನಿ" ಅಂದರು.