ಈಬನನ ಅಂಗಿ

ಮಾರ್ಬಲ್‌ಹೆಡ್, ಅಕ್ಟೋಬರ್ ೧೮೦೪

ಕ್ಯಾಪ್ಟನ್ ಲ್ಯಾಥ್ರಪ್ ಅವರಿಗೆ, ಕೆಜಾಯಾ ಟ್ರೆವೆಟ್ ಮಾಡುವ ವಂದನೆ.

ನಿಮ್ಮ 'ಅಮಿಟಿ' ಯುದ್ಧಹಡಗಿನ ಹಲಗೆಗಳಿಗೆ ಮರದ ಗೂಟ ಹೊಡೆದವನು ನನ್ನ ಗಂಡ. ಅದನ್ನೇ ಹತ್ತಿ ಟ್ರಿಪೋಲಿಯ ಯುದ್ಧಕ್ಕೆ ಹೋದವನು ಮೊಮ್ಮಗ ಈಬನ್. ಹಡಗು ಬಾಸ್ಟನ್ನಿಗೆ ಮರಳಿತು, ಈಬನ್ ಬರಲಿಲ್ಲ. ನಮ್ಮೂರಿಗೆ ಬಂದದ್ದು ನಾನೇ ಹೊಲಿದ ಅವನ ಅಂಗಿ, ನಿಮ್ಮ ಹಡಗಿನ ಸೈಲಸ್ ಎಂಬ ನಾವಿಕನ ಮೈಮೇಲೆ.

"ಕದ್ದೆಯೇನೋ?" ಎಂದೆ.

"ಇಲ್ಲಜ್ಜೀ, ಪಟಕಂಬದ ಬುಡದಲ್ಲಿ ಹರಾಜಿಗೆ ಬಂದಿತ್ತು. ಸತ್ತವರ ಬಟ್ಟೆ ಅಲ್ಲೇ ಮಾರ್ತಾರೆ. ಹಡಗು ಬಿಟ್ಟು ಓಡಿಹೋದವರದ್ದೂ ಮಾರ್ತಾರೆ."

"ನಮ್ಮ ಹುಡುಗ ಸತ್ತನೋ, ಓಡಿದನೋ?"

"ನಾನು ಅವತ್ತಷ್ಟೇ ಬೇರೆ ಹಡಗಿಂದ ಬಂದವ. ಯಾರದ್ದು ಅಂತ ಕೇಳ್ಲಿಲ್ಲ, ಬೆಚ್ಚಗಿದೆಯಾ ಅಂತ ನೋಡ್ದೆ."

ಈ ಬುದ್ಧಿವಂತನಿಂದ ಸಿಕ್ಕಿದ್ದು ಇಷ್ಟೇ. ನೌಕಾಪಡೆಯ ಕಚೇರಿಯವರು ಕ್ಯಾಪ್ಟನ್ನರನ್ನೇ ಕೇಳಿ ಅನ್ನುತ್ತಾರೆ. ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ.

ಸೈಲಸ್‌ಗೆ ಬೇರೆ ಅಂಗಿಯಿಲ್ಲ, ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಹರಿದ ಮೊಣಕೈಗೆ ತೇಪೆ ಹಾಕಿ, ಈ ಪತ್ರವನ್ನೂ ಕೊಟ್ಟು ಕಳಿಸಿದ್ದೇನೆ. ಲಂಗರು ಎತ್ತುವ ಮೊದಲು ಒಂದು ಸಾಲು ಬರೆಯಿರಿ. ಓಡಿಹೋಗಿದ್ದರೆ ಸಂಕೋಚ ಬೇಡ, ನಾನು ಅವನ ಪರ ವಾದಿಸುವುದಿಲ್ಲ. ಹೇಡಿ, ಮನೆಹಾಳ ಎಂದು ಬಂದರಿನುದ್ದಕ್ಕೂ ಬೈಯುತ್ತೇನೆ. ಆ ಬೈಗುಳಗಳೆಲ್ಲ ನಾಲಿಗೆ ತುದಿಯಲ್ಲಿ ಸಿದ್ಧವಾಗಿವೆ. ಇನ್ನೊಂದಾಗಿದ್ದರೆ, ಅದಕ್ಕೆ ನನ್ನ ಹತ್ತಿರ ಒಂದು ಮಾತೂ ಇಲ್ಲ.

ಬಾಗಿಲಲ್ಲೇ ಕೂತಿರುವ,
ಕೆಜಾಯಾ ಟ್ರೆವೆಟ್