ಅಂಗಡಿ ಹಿಂದಿನ ಕರಡಿ

ಮೇ 9, ಬೆಳಿಗ್ಗೆ 6.10

ಕಾಫಿಗೆ ಇಟ್ಟೆ. ಹಾಲಿನ ಲಾರಿಯವನು ಬಂದು ಹೋದ. ಬಾಗಿಲ ಮೇಲಿನ ವನ್ಯಜೀವಿ ಇಲಾಖೆಯ ಪೋಸ್ಟರ್ ಮತ್ತೆ ಒಂದು ಮೂಲೆ ಕಿತ್ತುಕೊಂಡಿದೆ. ಅಂಟಿಸಬೇಕು. 'ಏಪ್ರಿಲ್ ಒಂದರಿಂದ ಹಿಮ ಬೀಳುವವರೆಗೆ ಹಕ್ಕಿಗಳಿಗೆ ಕಾಳು ಇಡಬೇಡಿ, ಕರಡಿ ಬರುತ್ತದೆ.' ಅದರ ಕೆಳಗೇ ಸೂರ್ಯಕಾಂತಿ ಬೀಜದ ಮೂಟೆ ಇಟ್ಟು ಮಾರುವವಳೂ ನಾನೇ.

ನನ್ನ ಹಿಂದಿನ ಕಿಟಕಿಯಾಚೆ ಕಂಬಕ್ಕೆ ತೂಗುಹಾಕಿದ ಹಕ್ಕಿಗಳ ಕಾಳಿನ ಡಬ್ಬಿ ಇನ್ನೂ ಇಳಿಸಿಲ್ಲ. ಪ್ರತಿ ವರ್ಷ ಸರಿಯಾಗಿ ಒಂದನೇ ತಾರೀಖು ಇಳಿಸುತ್ತಿದ್ದೆ. ಈ ಸಲ ಏಪ್ರಿಲ್ ಕೊನೆಯವರೆಗೂ ಹಿಮ... ನಿನ್ನೆ ಕೆಂಪು ಎದೆಯ ಗ್ರೋಸ್‌ಬೀಕ್ ಹಕ್ಕಿಗಳ ಜೋಡಿ ಬಂತು. ಇನ್ನೊಂದೇ ವಾರ. ಆಮೇಲೆ ಇಳಿಸುತ್ತೇನೆ.

ಮೇ 17

ಕರಡಿ! ಬೆಳಿಗ್ಗೆ ಏಳಕ್ಕೆ, ಹಳ್ಳದ ಕಡೆಯಿಂದ. ಚಿಕ್ಕದು. ತಾಯಿ ಈಗ ತಾನೇ ಬೇರೆ ಮಾಡಿ ಓಡಿಸಿರಬೇಕು. ಎದೆಯ ಮೇಲೆ ಅಂಗೈಯಗಲ ಬಿಳಿ ಮಚ್ಚೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಗು ಹಾಲು ಕುಡಿದಂತೆ ಬಾಯಿಗೆ ಸುರಿದುಕೊಂಡಿತು.

ಪಾತ್ರೆ ಬಡಿಯಬೇಕಿತ್ತು, ಕೂಗಬೇಕಿತ್ತು. ಊರಿಗೆಲ್ಲ ಅದನ್ನೇ ಹೇಳುವವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕಾಫಿ ಕಪ್ಪು ಹಿಡಿದು ಸುಮ್ಮನೆ ನಿಂತೆ. ಮೂವತ್ತೊಂದು ವರ್ಷದಿಂದ ಬೇಟೆಯವರು ತರುವ ಕರಡಿಗಳನ್ನೆಲ್ಲ ಇಲ್ಲೇ ತೂಗಿ, ವಯಸ್ಸು ತಿಳಿಯಲೆಂದು ಒಂದು ಹಲ್ಲು ಕಿತ್ತು, ಇಲಾಖೆಯ ಲಕೋಟೆಗೆ ಹಾಕಿ ಕಳಿಸಿದ್ದೇನೆ. ಎಲ್ಲವೂ ಕೊಕ್ಕೆಗೆ ನೇತುಬಿದ್ದವು, ನಾಲಿಗೆ ಹೊರಗೆ. ಬದುಕಿರುವ ಕರಡಿ ಕೂತು ತಿನ್ನುವುದನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅಷ್ಟು ಸಂತೋಷವಾಯಿತು, ಯಾರಿಗೂ ಹೇಳಲಿಲ್ಲ.

ಮೇ 26

ಕೌಂಟರಿನ ಮುಂದೆ ಮತ್ತೆ ಜಗಳ. ಆರ್ಮಂಡ್ ನನ್ನ ಜೊತೆ ಶಾಲೆಗೆ ಬಂದವನು, ಆರು ಬೇಟೆನಾಯಿ ಸಾಕಿದ್ದಾನೆ. ಮಿರಿಯಮ್, ನಾಯಿ ಬಿಟ್ಟು ಕರಡಿ ಅಟ್ಟುವುದನ್ನು ನಿಲ್ಲಿಸಬೇಕೆಂದು ಸಹಿ ಸಂಗ್ರಹಿಸುತ್ತಾಳೆ. ಇಬ್ಬರೂ ನನ್ನ ಗಿರಾಕಿಗಳು, ಇಬ್ಬರೂ ನನಗೆ ಬೇಕಾದವರು.

"ಆರು ನಾಯಿ ಸೇರಿ ಒಂದು ಮೂಕಪ್ರಾಣೀನ ಮರ ಹತ್ತಿಸೋದು ಆಟವಾ?"

"ಆಟ ಅಲ್ಲಮ್ಮ, ಪಾಠ. ಒಂದ್ಸಲ ನಾಯಿ ಅಟ್ಟಿಸಿದ್ರೆ ಆ ಕರಡಿ ಮನೆಗಳ ಹತ್ರ ಸುಳಿಯಲ್ಲ."

"ಅದೇನು ನಿನ್ನ ಹತ್ರ ಸ್ಕೂಲಿಗೆ ಸೇರ್ಕೊಂಡಿತ್ತಾ?"

"ನೀನು ಬಾಸ್ಟನ್ನಿಂದ ಬಂದು ಹದಿನೈದು ವರ್ಷ. ನನ್ನ ನಾಯಿಗಳ ಮುತ್ತಜ್ಜೀನೂ ಇಲ್ಲೇ ಹುಟ್ಟಿದ್ದು. ಓಟು ಅಂತ ಕೊಡೋದಾದ್ರೆ ಮೊದಲು ಅವುಕ್ಕೆ ಕೊಡ್ಬೇಕು."

ಹೊರಗೆ ಅವಳ ಕಾರು ಸ್ಟಾರ್ಟ್ ಆಗಲಿಲ್ಲ. ಬೈಯುತ್ತ ಬೈಯುತ್ತಲೇ ತನ್ನ ಟ್ರಕ್ಕಿನ ಬ್ಯಾಟರಿಯಿಂದ ಅವನೇ ಸ್ಟಾರ್ಟ್ ಮಾಡಿಕೊಟ್ಟ.

ಮೇ 30

ಕರಡಿ ಇವತ್ತು ಎರಡು ಸಲ ಬಂತು. ಮೂಟೆ ಮುಗಿಯಿತು, ಇನ್ನೊಂದು ಬಿಚ್ಚಿದೆ. ಹಕ್ಕಿಗಳಿಗೆ ಅಂತ ಇನ್ನು ಬರೆಯುವುದಿಲ್ಲ.

ಜೂನ್ 5

ಕರಡಿ ಮಿರಿಯಮ್ ಮನೆಗೆ ನುಗ್ಗಿದೆ. ಹಾಡಹಗಲೇ. ಅವಳು ತೋಟದಲ್ಲಿದ್ದಳಂತೆ. ಒಳಗೆ ಬಂದರೆ ಅಡುಗೆಮನೆಯ ಮೇಜಿನ ಮೇಲೆ ಕೂತು, ಆರಲು ಇಟ್ಟಿದ್ದ ರೂಬಾರ್ಬ್ ಪೈ ಪೂರ್ತಿ ತಿಂದು ತಟ್ಟೆ ನೆಕ್ಕುತ್ತಿತ್ತಂತೆ. ಎದೆಯ ಮೇಲೆ ಬಿಳಿ ಮಚ್ಚೆ.

ವನ್ಯಜೀವಿ ಇಲಾಖೆಯ ವಾರ್ಡನ್ ಡ್ವೈಟ್ ಬಂದು ಅವಳ ಮನೆ ಸುತ್ತೆಲ್ಲ ನೋಡಿದ. ಕರಡಿಗೆ ತಿನ್ನಿಸಿ ರೂಢಿ ಮಾಡಿದ್ದು ಅವಳೇ ಎಂದು ನೋಟಿಸ್ ಕೊಟ್ಟಿದ್ದಾನೆ. ಊರಿಗೆ ಊರೇ ನಂಬಿತು. ಕರಡಿ ಪರ ಮಾತಾಡುವವಳು ಅವಳೊಬ್ಬಳೇ ಅಲ್ಲವೇ. ನನ್ನ ಕೌಂಟರಿಗೆ ಒರಗಿಯೇ ನಕ್ಕರು — "ಅತಿಥಿಗೆ ಪೈ ಮಾಡಿಟ್ಟಿದ್ಲು ಬಿಡಿ." ನಾನು ಸಕ್ಕರೆ ಡಬ್ಬಿ ತುಂಬಿಸುತ್ತ ನಿಂತಿದ್ದೆ.

ಜೂನ್ 8

ಟೌನ್ ಹಾಲಿನಲ್ಲಿ ಸಭೆ. ಡ್ವೈಟ್ ನೇರವಾಗಿ ಹೇಳಿದ — ಇನ್ನೊಂದು ಮನೆಗೆ ನುಗ್ಗಿದರೆ ಗುಂಡು ಹಾಕುತ್ತೇನೆ, ಬೇರೆ ದಾರಿಯಿಲ್ಲ.

ಆರ್ಮಂಡ್ ಎದ್ದ. "ನಂಗೆ ಒಂದು ಬೆಳಿಗ್ಗೆ ಕೊಡು. ಕೊಲ್ಲಲ್ಲ, ಬರೀ ಅಟ್ಟಿಸ್ತೀನಿ. ಆದ್ರೆ ಅದು ದಿನಾ ತಿನ್ನೋ ಜಾಗದಿಂದಲೇ ನಾಯಿ ಬಿಡ್ಬೇಕು. ಇಲ್ಲಾಂದ್ರೆ ಅದಕ್ಕೆ ಅರ್ಥ ಆಗಲ್ಲ."

"ಬೇಡ," ಅಂದಳು ಮಿರಿಯಮ್. "ಹೆದರಿ ಹೆದರಿ ಸಾಯುತ್ತೆ ಅದು."

"ತಿನ್ನೋ ಜಾಗ ಯಾವುದು ಹೇಳು ಮತ್ತೆ," ಅಂದ ಡ್ವೈಟ್.

"ನನಗೆ ಗೊತ್ತಿಲ್ಲ ಅಂತ ಎಷ್ಟು ಸಲ ಹೇಳ್ಲಿ?" ಅಂದು ನನ್ನ ಕಡೆ ತಿರುಗಿದಳು. "ವರ್ನಾ, ನೀನಾದ್ರೂ ಹೇಳೇ. ನನ್ನ ನೀನು ಬಲ್ಲೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅಷ್ಟೂ ಮಾಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಕಾಫಿ ಬಗ್ಗಿಸಿದೆ. ಅವಳು ಕಪ್ಪು ತೆಗೆದುಕೊಳ್ಳಲಿಲ್ಲ.

ಜೂನ್ 9, ಮಧ್ಯಾಹ್ನ

ಆರ್ಮಂಡ್ ಬಂದ. ಗಿರಾಕಿಗಳು ಹೋಗುವವರೆಗೆ ಕಾದ. ಆಮೇಲೆ ಬ್ರೆಡ್ಡಿನ ಚೀಲವೊಂದನ್ನು ಕೌಂಟರಿನ ಮೇಲಿಟ್ಟ. ಒಳಗೆ ಕರಡಿಯ ಲದ್ದಿ. ಜನರಿಗೆ ತಿಂಡಿ ಕೊಡುವ ಕೌಂಟರಿಗೆ ಇದನ್ನು ತಂದಿದ್ದಾನಲ್ಲ ಎಂದು ರೇಗಿತು. ನೋಡಿದರೆ ತುಂಬಾ ಸೂರ್ಯಕಾಂತಿ ಸಿಪ್ಪೆ.

"ಹಳ್ಳದ ದಾರೀಲಿ ಸಿಕ್ತು. ನಿನ್ನ ಹಿತ್ತಲಿಗೇ ಬರುತ್ತೆ ಆ ದಾರಿ."

ನಾನು ಚೀಲದ ಬಾಯಿ ಮಡಚಿದೆ.

"ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನೇ ಡ್ವೈಟ್‌ಗೆ ಹೇಳು. ನಾಳೆ ಹೇಳಿದ್ರೆ ಭಾನುವಾರ ಬೆಳಿಗ್ಗೆನೇ ನಾಯಿ ತರ್ತೀನಿ. ಕರಡೀನೂ ಉಳಿಯುತ್ತೆ, ಆ ಹೆಂಗಸಿನ ಮಾನಾನೂ ಉಳಿಯುತ್ತೆ."

"ನನ್ನ ಮುಖಕ್ಕೆ ಉಗೀತಾರೆ ಆರ್ಮಂಡ್. ತೂಗೋಳು ನಾನು, ಪೋಸ್ಟರ್ ಹಚ್ಚೋಳು ನಾನು."

"ಒರೆಸ್ಕೋ," ಅಂದ. ಚೀಲ ತೆಗೆದುಕೊಂಡು ಹೋದ.

ಜೂನ್ 10

ಡ್ವೈಟ್‌ಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ, ಸಂದೇಶ ಬಿಡಿ ಎಂದಿತು ಯಂತ್ರ. ಇಟ್ಟುಬಿಟ್ಟೆ.

ಹೋಗಿ ಡಬ್ಬಿ ಇಳಿಸಿದೆ. ನೆಲ ಗುಡಿಸಿದೆ, ಬ್ಲೀಚ್ ಹಾಕಿ ತೊಳೆದೆ. ಕಾಳಿಲ್ಲದಿದ್ದರೆ ಕರಡಿ ತಾನಾಗಿ ಕಾಡಿಗೆ ಹೋಗುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ. ಹಾವೂ ಸಾಯದು, ಕೋಲೂ ಮುರಿಯದು.

ಸಂಜೆ ಕರಡಿ ಬಂತು. ಖಾಲಿ ಕಂಬದ ಸುತ್ತ ಮೂರು ಸುತ್ತು ಹಾಕಿತು. ಕಿಟಕಿಯ ಕಡೆ ನೋಡಿತು. ಪರದೆ ಎಳೆದೆ.

ಜೂನ್ 12

ನಿನ್ನೆ ಕರಡಿ ಪಾದ್ರಿಯ ಮನೆಯ ಬಾಗಿಲು ಮುರಿದಿದೆ, ಎಲ್ಲರೂ ಚರ್ಚಿನಲ್ಲಿದ್ದಾಗ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅದೇ ಬಾಗಿಲಿಗೆ ಮತ್ತೆ ಬಂತು. ಡ್ವೈಟ್ ಕಾದಿದ್ದ. ಒಂದೇ ಗುಂಡು. ಅಂಗಡಿಗೆ ಕೇಳಿಸಿತು.

ನನ್ನಲ್ಲಿಗೇ ತಂದರು. ಇನ್ನೆಲ್ಲಿಗೆ ತರುತ್ತಾರೆ? ಕೊಕ್ಕೆಗೆ ಏರಿಸಿದರು. ಹೆಣ್ಣು. ನೂರ ಹದಿನೆಂಟು ಪೌಂಡು. ಹಲ್ಲು ಕಿತ್ತೆ. ಎರಡು ಸಲ ಇಕ್ಕಳ ಜಾರಿತು. ಫಾರಮಿನಲ್ಲಿ 'ಆಹಾರ ಸಿಗುತ್ತಿದ್ದ ಸ್ಥಳ' ಎಂದಿದೆ.

"ಮಿರಿಯಮ್ ಮನೆ ಅಂತ ಬರ್ಕೋ," ಅಂದ ಡ್ವೈಟ್. ಬರೆಯಲಿಲ್ಲ. ಖಾಲಿ ಬಿಟ್ಟೆ. ಅದನ್ನೇ ದೊಡ್ಡ ಉಪಕಾರ ಅಂದುಕೊಂಡೆ, ಥೂ.

ಅಷ್ಟರಲ್ಲಿ ಅವಳೇ ಬಂದಳು. ಜಗಳ ಆಡುತ್ತಾಳೆ ಎಂದುಕೊಂಡೆವು. ಆಡಲಿಲ್ಲ. ಕರಡಿಯ ಕಿವಿ ಸವರಿದಳು. ಆರ್ಮಂಡ್ ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದ.

"ನಿನ್ನ ನಾಯಿಗಳು ಅಟ್ಟಿಸಿದ್ರೆ ಬದುಕಿರೋದೇನೋ," ಅಂದಳು ಅವನಿಗೆ. "ನಾನೇ ಬೇಡ ಅಂದೆ. ನಾನೇ ಕೊಂದೆ ಇದನ್ನ."

"ಹಾಗನ್ಬೇಡ," ಅಂದ ಆರ್ಮಂಡ್. "ಹಾಗನ್ಬೇಡಮ್ಮ." ನನ್ನ ಕಡೆ ನೋಡಲೇ ಇಲ್ಲ. ಒಮ್ಮೆ ನೋಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಜೂನ್ 13, ಬೆಳಿಗ್ಗೆ 7.20

ಡ್ವೈಟ್‌ಗೆ ಫೋನ್. ಮತ್ತೆ ಅದೇ ಯಂತ್ರ. ಈ ಸಲ ಇಡಲಿಲ್ಲ. ಡಬ್ಬಿ, ತಾರೀಖು, ಮೂಟೆ ಎಷ್ಟು — ಎಲ್ಲ ಹೇಳಿದೆ. ಯಂತ್ರಕ್ಕೆ ಹೇಳುವುದು ಸುಲಭ.

ಎಂಟಕ್ಕೆ ಮಿರಿಯಮ್ ಬರುತ್ತಾಳೆ. ತಪ್ಪು ತನ್ನದೇ ಎಂದು ನೋಟಿಸಿಗೆ ಸಹಿ ಹಾಕಿ, ಇಲಾಖೆಗೆ ಕಳಿಸಲು ನನ್ನ ಕೈಗೇ ಕೊಡುತ್ತಾಳಂತೆ. "ನನ್ನ ಗೊಬ್ಬರದ ಗುಂಡಿ ವಾಸನೆಗೇ ಬಂದಿರ್ಬೇಕು ವರ್ನಾ, ಇನ್ನೇನು ಮತ್ತೆ?" ಅಂದಳು ನಿನ್ನೆ ಹೊರಡುವಾಗ. ನನ್ನನ್ನೇ ಕೇಳಿದಳು!

7.50

ಅಂಗಡಿಯಲ್ಲಿ ಯಾರೂ ಇಲ್ಲ. ನಾಲ್ಕು ಸಲ ಜೋರಾಗಿ ಹೇಳಿ ನೋಡಿದೆ. 'ಮಿರಿಯಮ್, ನಾನು...' ಎಂಬಲ್ಲಿಗೆ ನಿಂತುಹೋಗುತ್ತದೆ.

ಅವಳ ಕಾರು ಬಂತು. ಬಾಯಿಂದ ಬರುವುದಿಲ್ಲ, ಗೊತ್ತು. ಈ ದಿನಚರಿ ಪುಸ್ತಕವನ್ನೇ ಕೌಂಟರಿನ ಮೇಲೆ ಅವಳ ಕಡೆ ತಿರುಗಿಸಿ ಇಡುತ್ತೇನೆ. ಮೇ ಒಂಬತ್ತರಿಂದ ಓದಿಕೊಳ್ಳಲಿ. ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುವುದಿಲ್ಲ. ಮೆಟ್ಟಿಲು ಹತ್ತುತ್ತಿದ್ದಾಳೆ. ಮಿರಿಯಮ್, ಪೂರ್ತಿ ಓದು. ಓದುವವರೆಗೂ ನಾನು ಇಲ್ಲೇ, ನಿನ್ನ ಎದುರಿಗೇ—