ಇವರು ಅಲ್ಲಿ, ನಾವು ಇಲ್ಲಿ

೪ ಜೂನ್ ೧೯೫೬, ಸೋಮವಾರ

ಕ್ಯಾರಿಯರ್‌ನಲ್ಲಿ ಅನ್ನ, ಸೊಪ್ಪಿನ ಸಾರು. ಸ್ಕೂಲಿಗೆ ಹೋಗುತ್ತಾ ಕೃಷ್ಣಮೂರ್ತಿಪುರಂನಲ್ಲಿ ಇವರಿಗೆ ಕೊಟ್ಟೆ. ಹೊಸ ಮನೆ ಕೊಂಡು ತಿಂಗಳಾಯಿತು. ಖಾಲಿ ಬಿಡಬಾರದೆಂದು ಇವರೊಬ್ಬರೇ ಅಲ್ಲಿದ್ದಾರೆ. ನಾನು, ಅತ್ತೆ ಅಗ್ರಹಾರದ ಹಳೇ ಮನೆಯಲ್ಲಿ. ಅದು ಮಾರಾಟವಾಗದೆ ಅತ್ತೆ ಹೊರಡುವುದಿಲ್ಲ.

"ಇಲ್ಲಿ ದೀಪ ಹಚ್ಚೋರು ಬರ್ಲಿ ಕಣಮ್ಮ, ಆಮೇಲೆ ಬರ್ತೀನಿ."

೧೭ ಜೂನ್, ಭಾನುವಾರ

ಬ್ರೋಕರ್ ಚಿಕ್ಕಣ್ಣ ಲಕ್ಷ್ಮೀಪುರಂನ ಜವಳಿ ವ್ಯಾಪಾರಿಯೊಬ್ಬರನ್ನು ಕರೆತಂದಿದ್ದ. ಮನೆ ಅವರಿಗೆ ಹಿಡಿಸಿತ್ತು. ಅತ್ತೆ ಕಾಫಿ ಕೊಟ್ಟು, ನಡುಮನೆಯ ಮೂಲೆ ತೋರಿಸಿ, "ಜೋರು ಮಳೆ ಬಂದ್ರೆ ಇಲ್ಲೊಂದು ಪಾತ್ರೆ ಇಡ್ಬೇಕು" ಅಂದರು. ವ್ಯಾಪಾರಿ ಕಾಫಿ ಮುಗಿಸಿ ಹೋದರು. ಹೀಗಾಗಿದ್ದು ಎರಡನೇ ಸಲ.

ಇವರ ಮುಖ ಕೆಂಪಾಯಿತು. "ಅವ್ವ, ಮನೆ ಮಾರಕ್ಕೇ ಬುಡಲ್ವಾ ನೀನು?"

"ಅವರ ಕೂಸು ನೆಂದ್ರೆ ಬೈಸ್ಕೊಳೋನು ನೀನೇ ಕಣೋ."

ದಸರಾ ಒಳಗೆ ಹೊಸ ಮನೆಗೆ ತೆಗೆದ ಸೊಸೈಟಿ ಸಾಲ ತೀರಬೇಕು. ಇಲ್ಲದಿದ್ದರೆ ಹೊಸ ಮನೆಯನ್ನೇ ಬಾಡಿಗೆಗೆ ಕೊಡಬೇಕಾಗುತ್ತದೆ. ಬಿಸಿಲು ಬೀಳುವ ಆ ಅಡುಗೆಮನೆ... ಇನ್ನೂ ಒಂದು ದಿನವೂ ಒಲೆ ಹಚ್ಚಿಲ್ಲ ನಾನು.

೮ ಜುಲೈ, ಭಾನುವಾರ

ನಾಳೆಯಿಂದ ಆಷಾಢ. ಇನ್ನು ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ಇವತ್ತೇ ಕಡೆಯ ಅವಕಾಶವೆಂದು ಇವರು ಅತ್ತೆಯನ್ನು ಉಪಾಯವಾಗಿ ನಾದಿನಿ ಕಮಲಳ ಮನೆಗೆ ಕರೆದುಕೊಂಡು ಹೋದರು.

ಚಿಕ್ಕಣ್ಣನ ಜೊತೆ ಬಂದವರು ನರ್ಸ್ ದೇವಿರಮ್ಮ. ಗಟ್ಟಿ ಹೆಂಗಸು. ಹಿತ್ತಲು, ಬಾವಿ, ಅಟ್ಟ ಎಲ್ಲ ನೋಡಿ ನನ್ನ ಕಡೆ ತಿರುಗಿದರು. "ಸೋರುತ್ತಾ ಟೀಚರಮ್ಮ?"

ಚಿಕ್ಕಣ್ಣ ಕೆಮ್ಮಿದ. ಇಲ್ಲ ಅನ್ನುವುದು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಸೋರುತ್ತೆ" ಅಂದೆ. ಮೂಲೆಯನ್ನೂ ತೋರಿಸಿದೆ.

"ಆಯ್ತು" ಎಂದು ಹೊರಟುಬಿಟ್ಟರು.

ಸಂಜೆ ಇವರಿಗೆ ಹೇಳಿದೆ. "ನೀನೂ ಅವ್ವನ ಪಾರ್ಟಿ ಸೇರ್ಕೊಂಡ್ಯಾ." ನಗಲಿಲ್ಲ. ಕ್ಯಾರಿಯರ್ ಬಿಟ್ಟು ಹೋದರು.

೧೨ ಆಗಸ್ಟ್, ಭಾನುವಾರ

ಆಷಾಢವೆಲ್ಲ ಬರೆದಿಲ್ಲ. ಬರೆಯಲು ಏನಿತ್ತು — ಮಳೆ, ಪಾತ್ರೆ, ಇವರ ಮೌನ. ಹೊಸ ಮನೆಗೆ ಬಾಡಿಗೆಯವರನ್ನೂ ಹುಡುಕತೊಡಗಿದ್ದರು.

ಇವತ್ತು ಬೆಳಿಗ್ಗೆ ದೇವಿರಮ್ಮ ಮತ್ತೆ ಬಂದರು, ಜೊತೆಗೊಬ್ಬ ಮೇಸ್ತ್ರಿ. "ಇನ್ನೂ ಮೂರು ಮನೆ ನೋಡ್ದೆ ಕಣ್ರೀ. ಯಾವ್ದೂ ಸೋರಲ್ವಂತೆ. ಈ ಮಳೇಲಿ ನಂಬೋದೆಂಗೆ? ನಿಮ್ಮದು ಎಲ್ಲಿ ಸೋರುತ್ತೆ ಅಂತಾದ್ರೂ ಗೊತ್ತು."

ಮೇಸ್ತ್ರಿ ಸೂರು ಹತ್ತಿ ಹೆಂಚು ನೋಡಿ, ರಿಪೇರಿಗೆ ಹೆಚ್ಚು ಕೆಲಸವಿಲ್ಲ ಅಂದ. ಬೆಲೆಯಲ್ಲಿ ಆ ಖರ್ಚು ಬಿಟ್ಟುಕೊಡಲು ಇವರು ಒಪ್ಪಿದರು. ಅಡ್ವಾನ್ಸ್ ಆಯಿತು. ಅತ್ತೆ ದೇವಿರಮ್ಮನ ಕೈ ಹಿಡಿದು ಒಳಗೆ ಕರೆದೊಯ್ದು, ದೀಪ ಹಚ್ಚುವ ಗೂಡು ತೋರಿಸಿದರು. ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಕಣ್ಣೀರು ಹಾಕಿದೆ. ದುಃಖವೇನೂ ಇರಲಿಲ್ಲ.

ಹೊರಡುವಾಗ ಇವರು ಮೆಲ್ಲಗೆ ಅಂದರು, "ಅವತ್ತು ನಾನಿದ್ದಿದ್ರೆ ಇಲ್ಲ ಅಂದ್ಬುಡ್ತಿದ್ದೆ."

೨ ಸೆಪ್ಟೆಂಬರ್, ಭಾನುವಾರ

ರಿಜಿಸ್ಟ್ರೇಷನ್ ಮುಗಿಯಿತು. ಗುರುವಾರ ಅತ್ತೆ ಹೊಸ ಮನೆಗೆ ಜಟಕಾದಲ್ಲಿ ಬಂದಿಳಿದರು, ಮಡಿಲಲ್ಲಿ ಒರಳುಗುಂಡು. ಇವತ್ತು ಮೂವರೂ ಒಟ್ಟಿಗೆ ಕೂತು ಬಿಸಿ ಬಿಸಿ ಉಂಡೆವು. ಇವರು ಸಾರು ಮೂರು ಸಲ ಹಾಕಿಸಿಕೊಂಡರು.

ಈಗ ಮುಂದಿನ ಅಂಗಳದಲ್ಲಿ ತಾಯಿ ಮಗನ ಜಗಳ. ಇವರಿಗೆ ಸಂಪಿಗೆ ಗಿಡ ಬೇಕು. ಅತ್ತೆಗೆ ನುಗ್ಗೆ. "ಸಂಪಿಗೆ ಹೂವ ಹುಳೀಗೆ ಹಾಕಕ್ಕಾಗುತ್ತೇನೋ?"

ತೀರ್ಪು ಹೇಳಲು ನನ್ನನ್ನು ಕೂಗುತ್ತಿದ್ದಾರೆ. ನನಗಂತೂ ಮೊದಲಿನಿಂದಲೂ ಅಲ್ಲಿ ಮಲ್ಲಿಗೆ ಬಳ್ಳಿ ಬೇಕೆಂದು —